ಎರಡು ಬೆರಳು ಗಿಡ್ಡ

ಫೆಬ್ರವರಿ 3

ತಮ್ಮನಿಗೆ,

ಕ್ಷೇಮ ಸಮಾಚಾರ ಆಮೇಲೆ. ನೀನು ಕಳಿಸಿದ ಟ್ಯಾಂಕ್ ನಮ್ಮ ವ್ಯಾನಿಗೆ ಕೂರುತ್ತಿಲ್ಲ.

ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ಅಪ್ಪ ತೀರಿಹೋದ ಒಂದೇ ವಾರದಲ್ಲಿ ನೀನು ಶೆಡ್ಡಿನ ಗೋಡೆಯಲ್ಲಿ ತೂಗುತ್ತಿದ್ದ ಅವರ ಟ್ಯಾಂಕಿನ ಮರದ ಅಚ್ಚನ್ನು ಹೇಳದೆ ಕೇಳದೆ ಎತ್ತಿಕೊಂಡು ಹೋದೆಯಲ್ಲ, ಆ ದಿನವೇ ಇನ್ನು ನಿನ್ನ ದನಿ ಕೇಳುವುದಿಲ್ಲ ಎಂದು ಅಮ್ಮನ ಮುಂದೆ ಆಣೆ ಹಾಕಿದ್ದೇನೆ. ಕಾಗದ ಬರೆಯುವುದಿಲ್ಲ ಎಂದು ಹೇಳಿರಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಿನ್ನಿಂದ ಟ್ಯಾಂಕ್ ತರಿಸಿದವಳೂ ನಾನಲ್ಲ, ಅಮ್ಮ. "ಮನೆ ಮಗನೇ ಟ್ಯಾಂಕ್ ಮಾಡ್ತಿರುವಾಗ ಬೇರೆಯವರ ಹತ್ರ ಯಾಕೆ ಕೈಯೊಡ್ಡಬೇಕು" ಅಂದಳು. ನಾನೂ ಹೂಂ ಅಂದೆ. ತಪ್ಪು ನನ್ನದೇ.

ಅಪ್ಪ ಮಾಡಿದ್ದ ಹಳೇ ಟ್ಯಾಂಕಿನ ತಳ ತುಕ್ಕು ತಿಂದು ಸೋರುತ್ತಿತ್ತು. ಅದನ್ನು ಬಿಚ್ಚಿಸಿ, ನಿನ್ನದು ಬರುವವರೆಗೆ ಗಾಡಿ ಸುಮ್ಮನೆ ನಿಲ್ಲುವುದೇಕೆ ಎಂದು ಬಾಡಿ ಎತ್ತಿಸಿ, ಕೆಳಗಿನ ರಬ್ಬರ್ ದಿಂಡುಗಳನ್ನೆಲ್ಲ ಹೊಸದು ಹಾಕಿಸಿದೆ. ಮುಂದಿನ ಬ್ರೇಕೂ ಮಾಡಿಸಿದೆ. ಹೆತ್ತ ಮಗುವನ್ನೂ ಹೀಗೆ ನೋಡಿಕೊಳ್ಳುವುದಿಲ್ಲ, ಹಾಗೆ ನೋಡಿಕೊಂಡಿದ್ದೇನೆ. ಇಷ್ಟೆಲ್ಲ ಆದ ಮೇಲೆ ನಿನ್ನ ಟ್ಯಾಂಕ್ ಬಂತು. ಕೆಳಗಿನ ಚಾಸಿ ಚೌಕಟ್ಟಿಗೆ ಸರಿಯಾಗಿ ಕೂತಿತು, ಪಟ್ಟಿ ಬಿಗಿಯಿತು. ಆದರೆ ಪೆಟ್ರೋಲ್ ಸುರಿಯುವ ಕುತ್ತಿಗೆ ಬಾಡಿಯ ತೂತಿನವರೆಗೆ ಬರುವುದೇ ಇಲ್ಲ. ಎರಡು ಬೆರಳು ಗಿಡ್ಡ. ತೂತಿನಲ್ಲಿ ಇಣುಕಿದರೆ ಅದರ ಬಾಯಿ ಕೆಳಗೆ ಕತ್ತಲಲ್ಲಿ ಕೂತಿದೆ. ಮುಚ್ಚಳ ಹಾಕಲು ತೂತಿನೊಳಗೆ ಬೆರಳು ತೂರಿಸಬೇಕು.

ನನ್ನ ವ್ಯಾನಿನಲ್ಲಿ ಹೋಗುವವರು ಯಾರು ಎಂದು ನಿನಗೆ ಗೊತ್ತು. ಡಯಾಲಿಸಿಸ್‌ಗೆ ಹೋಗುವ ರೋಗಿಗಳು. ಅವರಿಗೆ ನಾಳೆ ಬನ್ನಿ, ನಾಡಿದ್ದು ಬನ್ನಿ ಎಂದು ಹೇಳುವ ಹಾಗಿಲ್ಲ. ಗಾಡಿ ನಿಂತರೆ ಅವರ ಮೈಯಲ್ಲಿ ವಿಷ ಏರುತ್ತದೆ. ಸರಿಯಾದ ಟ್ಯಾಂಕ್ ಬೇಗ ಕಳಿಸು.

ಅಕ್ಕ


ಫೆಬ್ರವರಿ 12

ಪ್ರಿಯ ಗ್ರಾಹಕರೇ,

ತಮ್ಮ ದೂರು ತಲುಪಿದೆ. ನಮ್ಮಲ್ಲಿ ಹಳೆಯ ವಾಹನಗಳ ಟ್ಯಾಂಕುಗಳನ್ನು ಮೂಲ ಅಚ್ಚಿನಿಂದಲೇ ತಯಾರಿಸಲಾಗುತ್ತದೆ. ಹಳೆಯ ವಾಹನಗಳ ಬಾಡಿ ವರ್ಷಗಳ ಓಡಾಟದಲ್ಲಿ ಸೊಟ್ಟಗಾಗಿರುವುದರಿಂದ ಅಲ್ಪಸ್ವಲ್ಪ ವ್ಯತ್ಯಾಸ ಸಹಜ. ಒಮ್ಮೆ ಜೋಡಿಸಿದ ಭಾಗವನ್ನು ಹಿಂಪಡೆಯುವುದಿಲ್ಲ.

ಅಕ್ಕಾ, ಮೇಲಿನದು ಅಚ್ಚು ಹಾಕಿಸಿಟ್ಟ ಉತ್ತರ. ಎಲ್ಲರಿಗೂ ಅದೇ ಹೋಗುತ್ತದೆ, ಬೇಜಾರು ಮಾಡಿಕೊಳ್ಳಬೇಡ. ಕೆಲಸ ತಲೆಯ ಮೇಲೆ ಬಿದ್ದಿದೆ. ನಿನ್ನ ತೊಂದರೆ ದೊಡ್ಡದೇನಲ್ಲ. ಕುತ್ತಿಗೆಯ ತುದಿಗೆ ಒಂದು ತುಂಡು ರಬ್ಬರ್ ಪೈಪ್ ಹಾಕಿ, ಎರಡೂ ಕಡೆ ಕ್ಲಿಪ್ ಬಿಗಿದು, ಮೇಲೆ ಮುಚ್ಚಳ ಕೂರಿಸಲು ಹೇಳು. ಎಲ್ಲರೂ ಹಾಗೆಯೇ ಮಾಡಿಕೊಳ್ಳುತ್ತಿದ್ದಾರೆ. ಅಮ್ಮನ ಕಾಲುನೋವು ಹೇಗಿದೆ?

ತಮ್ಮ


ಫೆಬ್ರವರಿ 17

ಟ್ಯಾಂಕ್ ಸಾಹುಕಾರರಿಗೆ,

ನಿನ್ನ ಕಾಗದ ಓದಿ ಮೈಯೆಲ್ಲ ಉರಿದುಹೋಯಿತು. ನಾನು ನಿನಗೆ ಪ್ರಿಯ ಗ್ರಾಹಕಳಾದೆನೇ? ಮೂಗು ಒರೆಸಿ, ಚಡ್ಡಿ ಹಾಕಿ, ಸ್ಕೂಲಿಗೆ ಎಳೆದುಕೊಂಡು ಹೋದವಳಿಗೆ ಅಚ್ಚು ಹಾಕಿಸಿಟ್ಟ ಉತ್ತರ. ಆ ಕಾಗದದ ಮೂಲೆಯಲ್ಲಿ ಅಪ್ಪನ ಫೋಟೋ ಬೇರೆ. ಅಪ್ಪ ಬದುಕಿದ್ದಾಗ ಫೋಟೋ ತೆಗೆಸಿಕೊಳ್ಳಲು ಬಾ ಎಂದರೆ ಗ್ರೀಸ್ ಕೈಯಲ್ಲೇ ಓಡಿಹೋಗುತ್ತಿದ್ದರು. ಈಗ ನಿನ್ನ ಟ್ಯಾಂಕ್ ಮಾರಿಕೊಡಲು ನಗುತ್ತಾ ನಿಂತಿದ್ದಾರೆ.

ರಬ್ಬರ್ ಪೈಪ್ ವಿಷಯಕ್ಕೆ ಬರುತ್ತೇನೆ. ಮಾಡಿ ನೋಡಿಯಾಯಿತು. ನಮ್ಮ ಫಿಟ್ಟರ್ ಗೊಣಗಪ್ಪ ಗೊತ್ತಲ್ಲ, ಕೆಲಸಕ್ಕಿಂತ ಗೊಣಗುವುದೇ ಹೆಚ್ಚು ಎಂದು ಅಪ್ಪನೇ ಆ ಹೆಸರಿಟ್ಟಿದ್ದು. ನಾನು ಬೇಡ ಬೇಡ ಎನ್ನುತ್ತಿದ್ದರೂ ಒಂದು ತುಂಡು ನೀರಿನ ಪೈಪ್ ಸಿಕ್ಕಿಸಿದ. ಎರಡು ದಿನಕ್ಕೆ ಪೆಟ್ರೋಲ್ ಕುಡಿದು ಅದು ಉಬ್ಬಿ ಮೆತ್ತಗಾಯಿತು. ಬಂಕಿನಲ್ಲಿ ತುಂಬಿಸುವಾಗ ಕ್ಲಿಪ್ ಜಾರಿ, ಪೆಟ್ರೋಲೆಲ್ಲ ಬಾಡಿಯ ಒಳಗೋಡೆಯಿಂದ ಇಳಿದು ಸೈಲೆನ್ಸರ್ ಪಕ್ಕಕ್ಕೆ ಹರಿಯಿತು. ಮೊದಲು ವಾಸನೆ ಹಿಡಿದವರು ಕಿಟಕಿ ಪಕ್ಕ ಕೂತಿದ್ದ ನಮ್ಮ ರೋಗಿ ಡ್ರಾಯಿಂಗ್ ಮೇಷ್ಟ್ರು. "ತಾಯಿ, ನಾನು ಹೆಂಗಿದ್ರೂ ಹೋಗೋನೇ. ಆದ್ರೆ ಸುಟ್ಕೊಂಡು ಹೋಗೋ ಆಸೆ ಇಲ್ಲ" ಅಂದರು. ಎಲ್ಲರೂ ನಕ್ಕರು. ನಗಲಾಗದವಳು ನಾನೊಬ್ಬಳೇ. ಒಬ್ಬೊಬ್ಬರನ್ನೂ ಕೈಹಿಡಿದು ರಸ್ತೆಯಂಚಿಗೆ ಇಳಿಸಿದೆ. ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ ಕೈಗಳು ಅವು.

ಆವತ್ತಿನಿಂದ ವ್ಯಾನ್ ಶೆಡ್ಡಿನಲ್ಲಿದೆ. ತೇಪೆ ಹಾಕುವ ಬುದ್ಧಿಯನ್ನು ನಿನ್ನ ಹತ್ತಿರವೇ ಇಟ್ಟುಕೊ. ನನಗೆ ಟ್ಯಾಂಕ್ ಬೇಕು.

ಅಕ್ಕ


ಫೆಬ್ರವರಿ 26

ಅಕ್ಕನಿಗೆ,

ನೀರಿನ ಪೈಪ್ ಹಾಕಿ ಎಂದು ನಾನು ಹೇಳಿದೆನೇ? ಪೆಟ್ರೋಲ್‌ಗೆಂದೇ ಬೇರೆ ಪೈಪ್ ಬರುತ್ತದೆ, ಅದನ್ನು ಹಾಕಬೇಕು. ಅದೂ ಗೊತ್ತಿಲ್ಲದ ಗೊಣಗಪ್ಪನ ಕೈಗೆ ಗಾಡಿ ಕೊಟ್ಟು ನನ್ನ ಮೇಲೆ ಹಾರಾಡಿದರೆ ಹೇಗೆ? ನನ್ನ ಕಾಗದದಲ್ಲಿ ಯಾವ ಪೈಪ್ ಎಂದು ಬರೆದಿರಲಿಲ್ಲ ಎನ್ನುತ್ತೀಯೇನೋ. ಟ್ಯಾಂಕ್ ಕೆಲಸ ಮಾಡುವವರಿಗೆ ಅಷ್ಟೂ ಬರೆದು ತಿಳಿಸಬೇಕೇ?

ಅಚ್ಚಿನ ವಿಷಯವನ್ನೂ ಎತ್ತಿದ್ದೀಯ. ಎತ್ತು. ನೀನು ವ್ಯಾನ್ ಇಟ್ಟುಕೊಂಡೆ, ಶೆಡ್ ಇಟ್ಟುಕೊಂಡೆ. ಅಪ್ಪನ ಜೊತೆ ಗಾಡಿ ಕೆಳಗೆ ಮಲಗಿ ಕೆಲಸ ಕಲಿತದ್ದೂ ನೀನೇ. ನಾನು ಹತ್ತಿರ ಹೋದರೆ "ನಿನಗೆ ನಿದ್ದೆ ಸಾಲದು, ಹೋಗಿ ಮಲಗು" ಎನ್ನುತ್ತಿದ್ದರು. ಒಂದು ಹಲಗೆ ತುಂಡು ತಂದದ್ದು ಅಷ್ಟು ದೊಡ್ಡ ಕಳ್ಳತನವಾಯಿತೇ? ಅಪ್ಪನ ಕೈಕೆಲಸದಲ್ಲಿ ಉಳಿದಿದ್ದ ಅಚ್ಚು ಅದೊಂದೇ. ಇಷ್ಟು ವರ್ಷ ಎಷ್ಟೋ ಟ್ಯಾಂಕ್ ಮಾಡಿದ ಮನುಷ್ಯ ಅದೊಂದನ್ನೇ ಗೋಡೆಗೆ ತೂಗುಹಾಕಿದ್ದರೆಂದರೆ, ಎಲ್ಲವನ್ನೂ ಅದರಿಂದಲೇ ಮಾಡುತ್ತಿದ್ದರು ಎಂದು ಯಾರಿಗಾದರೂ ಅರ್ಥವಾಗುತ್ತದೆ. ನಾನೂ ಅದರಿಂದಲೇ ಮಾಡುತ್ತಿದ್ದೇನೆ. ಕೂದಲೆಳೆಯಷ್ಟೂ ಆಚೀಚೆ ಮಾಡಿಲ್ಲ.

ನಂಬಿಕೆ ಇಲ್ಲದಿದ್ದರೆ ಅಪ್ಪನ ಹಳೇ ಟ್ಯಾಂಕನ್ನು ನನ್ನ ಹೊಸ ಟ್ಯಾಂಕಿನ ಪಕ್ಕದಲ್ಲಿಟ್ಟು ನೋಡು. ಕುತ್ತಿಗೆಗೆ ಕುತ್ತಿಗೆ ಹಿಡಿದು ಅಳೆ. ಒಂದು ನೂಲು ಹೆಚ್ಚುಕಮ್ಮಿ ಇದ್ದರೂ ಈ ಕೆಲಸ ಬಿಟ್ಟುಬಿಡುತ್ತೇನೆ.

ತಮ್ಮ


ಮಾರ್ಚ್ 4

ತಮ್ಮನಿಗೆ,

ಹಳೇ ಟ್ಯಾಂಕ್ ಗುಜರಿಗೆ ಹೋಯಿತು. ಅಳೆಯಲು ಆಗುವುದಿಲ್ಲ.

ರೋಗಿಗಳನ್ನು ಈಗ ಬಾಡಿಗೆ ಗಾಡಿಯವನೊಬ್ಬ ಕರೆದುಕೊಂಡು ಹೋಗುತ್ತಿದ್ದಾನೆ. ಅವನಿಗೆ ಬೇರೆ ಬಾಡಿಗೆ ಸಿಕ್ಕಿದ ದಿನ ಇವರನ್ನು ಮರೆತುಬಿಡುತ್ತಾನೆ. ಸೋಮವಾರ ಮೇಷ್ಟ್ರು ಮನೆ ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡು ಮಧ್ಯಾಹ್ನದವರೆಗೆ ಕೂತಿದ್ದರಂತೆ. ಮುಖ ಊದಿಕೊಂಡಿದೆ. ನಿನ್ನೆ ನೋಡಲು ಹೋದರೆ ಗಾಡಿ ಸಿದ್ಧವಾಯಿತೇ ಎಂದು ಕೇಳಲೇ ಇಲ್ಲ, ಅಮ್ಮನ ಕಾಲುನೋವಿನ ಮಾತೆತ್ತಿದರು. ಕೇಳಿದ್ದರೇ ಚೆನ್ನಾಗಿತ್ತು.

ಮೂಲ ಅಚ್ಚೋ, ಗೀಲ ಅಚ್ಚೋ, ನನಗೆ ಬೇಡ. ಕುತ್ತಿಗೆ ಎರಡು ಬೆರಳು ಉದ್ದ ಮಾಡಿ ಕಳಿಸು.

ಅಕ್ಕ


ಮಾರ್ಚ್ 29

ತಮ್ಮನಿಗೆ,

ಕಾಗದವೂ ಇಲ್ಲ, ಟ್ಯಾಂಕೂ ಇಲ್ಲ. ಅಮ್ಮ ನಿನಗೆ ಫೋನ್ ಮಾಡಿ ಮಾಡಿ ಸಾಕಾಗಿದ್ದಾಳೆ. ಪ್ರತಿಸಲವೂ ನಿನ್ನ ಹೆಂಡತಿಯೇ ಫೋನ್ ಎತ್ತಿ, ಅವರು ಹೊರಗೆ ಹೋಗಿದ್ದಾರೆ ಎನ್ನುತ್ತಾಳಂತೆ. ನನ್ನ ಮೇಲಿನ ಸಿಟ್ಟನ್ನು ಅಮ್ಮನ ಮೇಲೆ ಯಾಕೆ ತೀರಿಸುತ್ತೀಯ? ಕಣ್ಣೀರು ಹಾಕಿ ಕೂತಿದ್ದಾಳೆ. ಬಾಯಿ ಬಡಿದುಕೊಳ್ಳುವವಳು ನಾನು. ಬೈಯುವುದಿದ್ದರೆ ನನಗೇ ಬೈ.

ಅಕ್ಕ


ಏಪ್ರಿಲ್ 6

ಅಕ್ಕಾ,

ಸಿಟ್ಟಲ್ಲ. ಆಸ್ಪತ್ರೆಯಲ್ಲಿದ್ದೆ. ನನಗೇನೂ ಆಗಿಲ್ಲ. ಅಮ್ಮನಿಗೆ ಇದನ್ನು ಓದಿ ಹೇಳಬೇಡ.

ಬ್ರೆಡ್ ವ್ಯಾನ್ ಓಡಿಸುವವನೊಬ್ಬನಿದ್ದಾನೆ. ನಮ್ಮದೇ ಮಾದರಿಯ ಹಳೇ ವ್ಯಾನ್. ಚಳಿಗಾಲದಲ್ಲಿ ನನ್ನಿಂದ ಟ್ಯಾಂಕ್ ತೆಗೆದುಕೊಂಡು ಹೋಗಿದ್ದ. ವಾರದಲ್ಲೇ ವಾಪಸ್ ಬಂದು ಕುತ್ತಿಗೆ ಗಿಡ್ಡ ಅಂದ. "ನಿನ್ನ ಗಾಡಿನೇ ಸೊಟ್ಟ, ರಬ್ಬರ್ ಪೈಪ್ ಹಾಕ್ಕೋ" ಎಂದು ನಾನೇ ಹೇಳಿ ಕಳಿಸಿದೆ. ಪಾಪ, ಹಾಕಿಕೊಂಡ. ಹೋದ ತಿಂಗಳು ಅಂಗಡಿಯೊಂದರ ಮುಂದೆ ಬ್ರೆಡ್ ಇಳಿಸುತ್ತಿರುವಾಗ ಕೆಳಗೆ ಭಗ್ ಎಂದು ಹೊತ್ತಿಕೊಂಡಿತು. ಒಳಗೆ ಯಾರೂ ಇರಲಿಲ್ಲ. ಟ್ರೇ ಉಳಿಸಲು ಹೋಗಿ ಅವನ ಬಲಗೈ ಸುಟ್ಟಿದೆ. ಬೆರಳು ಮಡಚಲು ಬರುತ್ತದೋ ಇಲ್ಲವೋ ಡಾಕ್ಟರು ಇನ್ನೂ ಹೇಳುತ್ತಿಲ್ಲ.

ಅವನ ಹಾಸಿಗೆ ಪಕ್ಕ ಕೂತಿದ್ದೆ. ಅವನಿಗೆ ನನ್ನ ಮೇಲೆ ಅನುಮಾನವೇ ಇಲ್ಲ. "ನನ್ ಗಾಡಿ ಸೊಟ್ಟ ಇತ್ತಲ್ಲ ಸಾರ್, ನೀವು ಮೊದ್ಲೇ ಹೇಳಿದ್ರಿ" ಅನ್ನುತ್ತಾನೆ.

ನಿನಗೆ ಹೇಳದೆ ಇಟ್ಟುಕೊಂಡಿದ್ದೆ. ಕುತ್ತಿಗೆ ಗಿಡ್ಡ ಎಂದು ವಾಪಸ್ ಬಂದವರು ಅವನೊಬ್ಬನೇ ಅಲ್ಲ, ನೀನೊಬ್ಬಳೇ ಅಲ್ಲ. ಟ್ಯಾಂಕ್ ತೆಗೆದುಕೊಂಡವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಬಂದರು. ಅದಕ್ಕೇ ಆ ಉತ್ತರವನ್ನು ಅಚ್ಚು ಹಾಕಿಸಿಟ್ಟದ್ದು. ಎಲ್ಲರ ಗಾಡಿಯೂ ಸೊಟ್ಟ ಇರಲು ಹೇಗೆ ಸಾಧ್ಯ ಎಂದು ಒಮ್ಮೆಯೂ ಯೋಚಿಸಲಿಲ್ಲ. ಅಪ್ಪನ ಅಚ್ಚು ತಪ್ಪಿರಲು ಹೇಗೆ ಸಾಧ್ಯ ಎಂದೇ ಯೋಚಿಸುತ್ತಿದ್ದೆ. ಈಗಲೂ ಅರ್ಥವಾಗುತ್ತಿಲ್ಲ. ಅಪ್ಪ ತಪ್ಪು ಅಳತೆ ಇಟ್ಟುಕೊಳ್ಳುವವರೇ?

ತಮ್ಮ


ಏಪ್ರಿಲ್ 11

ತಮ್ಮನಿಗೆ,

ನಿನ್ನ ಕಾಗದ ಬಂದ ದಿನ ನಾನು ಊಟ ಮಾಡಲಿಲ್ಲ. ಮೇಷ್ಟ್ರು, ಉಳಿದವರು, ಅವರ ಗಂಟುಗಟ್ಟಿದ ಕೈಗಳು, ಎಲ್ಲ ಕಣ್ಣ ಮುಂದೆ ಬಂದವು. ನನ್ನ ಗಾಡಿಯಲ್ಲಿ ಟ್ರೇ ಇಲ್ಲ, ಮನುಷ್ಯರಿದ್ದಾರೆ. ಓಡಿ ಇಳಿಯಲು ಕಾಲಿನಲ್ಲಿ ಶಕ್ತಿ ಇಲ್ಲದ ಮನುಷ್ಯರು.

ನಾನೂ ಒಂದು ಸುಳ್ಳು ಹೇಳಿದ್ದೇನೆ. ಹಳೇ ಟ್ಯಾಂಕ್ ಗುಜರಿಗೆ ಹೋಗಿಲ್ಲ. ಶೆಡ್ಡಿನ ಹಿಂದೆಯೇ ಬಿದ್ದಿತ್ತು. ನೀನು ಹೇಳಿದ ಹಾಗೆ ಪಕ್ಕದಲ್ಲಿಟ್ಟು ಅಳೆದಿದ್ದೆ. ನಿನ್ನದೂ ಅಪ್ಪನದೂ ಒಂದೇ. ನಿನಗೆ ಸೋಲಲು ಮನಸ್ಸಾಗಲಿಲ್ಲ. ಹೊಟ್ಟೆಯುರಿ ಎಂದುಕೊ, ಏನು ಬೇಕಾದರೂ ಎಂದುಕೊ.

ಅವತ್ತಿನಿಂದ ತಲೆ ಕೊರೆಯುತ್ತಿತ್ತು. ಅಪ್ಪನ ಟ್ಯಾಂಕ್ ಇದೇ ಗಾಡಿಗೆ ಇಷ್ಟು ವರ್ಷ ಕೂತಿತ್ತು. ಅದೇ ಅಳತೆಯ ನಿನ್ನದು ಯಾಕೆ ಕೂರುವುದಿಲ್ಲ? ಕೊನೆಗೆ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಬ್ರೆಡ್ ವ್ಯಾನಿನದ್ದೂ ಹೇಳಿದೆ, ಮುಚ್ಚಿಡಲು ನನ್ನಿಂದ ಆಗಲಿಲ್ಲ. ಅವಳು ತೊಗರಿಬೇಳೆ ಆರಿಸುತ್ತಾ ತಲೆಯೂ ಎತ್ತದೆ ಕೇಳಿದಳು: "ಆ ಅಚ್ಚು ನಮ್ಮ ಗಾಡಿದಲ್ವಾ? ಅದರಿಂದ ಊರಿಗೆಲ್ಲ ಯಾಕೆ ಮಾಡ್ದ?"

ಆಗ ನನಗೆ ತಲೆ ಮೇಲೆ ಹೊಡೆದ ಹಾಗಾಯಿತು. ನನಗೆ ಗೊತ್ತಿದ್ದದ್ದೇ, ನಿನ್ನ ಮೇಲಿನ ಸಿಟ್ಟಿನಲ್ಲಿ ನೆನಪಾಗಿರಲಿಲ್ಲ.

ಕೇಳು. ಅಪ್ಪ ಗಾಡಿ ನೋಡದೆ ಎಂದೂ ತಗಡು ಕತ್ತರಿಸಿದವರಲ್ಲ. ಹಳೇ ಗಾಡಿಯಲ್ಲಿ ಚಾಸಿಗೂ ಬಾಡಿಗೂ ನಡುವಿನ ರಬ್ಬರ್ ದಿಂಡುಗಳು ಸವೆದು ಬಾಡಿ ಕೆಳಗೆ ಕುಸಿದಿರುತ್ತದೆ. ಒಂದೊಂದು ಗಾಡಿ ಒಂದೊಂದಷ್ಟು. ಟ್ಯಾಂಕ್ ಇರುವುದು ಚಾಸಿಯ ಮೇಲೆ, ಬಾಯಿಯ ತೂತು ಇರುವುದು ಬಾಡಿಯಲ್ಲಿ. ಬಾಡಿ ಎಷ್ಟು ಇಳಿದಿದೆಯೋ ಕುತ್ತಿಗೆ ಅಷ್ಟು ಗಿಡ್ಡವಾಗಬೇಕು. ಅದಕ್ಕೇ ಪ್ರತಿ ಗಾಡಿಯ ಕೆಳಗೂ ಮಲಗಿ, ಅಳತೆ ತೆಗೆದು, ಆ ಗಾಡಿಗೆಂದೇ ಹಲಗೆಯಲ್ಲಿ ಒಂದು ಅಚ್ಚು ಕೊಯ್ಯುತ್ತಿದ್ದರು. ಟ್ಯಾಂಕ್ ಮಾಡಿ ಕೂರಿಸಿದ ಮೇಲೆ ಆ ಅಚ್ಚು ಒಲೆಗೆ. ಇನ್ನೊಬ್ಬರ ಗಾಡಿಗೆ ಅದನ್ನು ಹಾಕಬೇಕು ಎನ್ನುವ ಆಸೆಯೇ ಹುಟ್ಟಬಾರದು ಅನ್ನುತ್ತಿದ್ದರು. ಬೆಳಿಗ್ಗೆ ಅಮ್ಮ ನೀರು ಕಾಯಿಸುತ್ತಿದ್ದದ್ದು ಆ ಅಚ್ಚುಗಳಿಂದ. ನೀನು ಕಣ್ಣುಜ್ಜಿಕೊಂಡು ಎದ್ದು ಬರುವಷ್ಟರಲ್ಲಿ ನೀರು ಕಾದಿರುತ್ತಿತ್ತು. ಏನು ಉರಿದು ಕಾಯಿತು ಎಂದು ಒಂದು ದಿನವಾದರೂ ಕೇಳಿದ್ದೀಯಾ?

ಗೋಡೆಯಲ್ಲಿ ಉಳಿದಿದ್ದದ್ದು ನಮ್ಮ ವ್ಯಾನಿನ ಅಚ್ಚು. ಸ್ವಂತ ಗಾಡಿ, ಮತ್ತೆ ಬೇಕಾಗಬಹುದೆಂದು ಇಟ್ಟುಕೊಂಡಿದ್ದರು. ಅದನ್ನು ಕೊಯ್ದ ದಿನ ಅಮ್ಮನನ್ನೂ ನನ್ನನ್ನೂ ವ್ಯಾನಿನೊಳಗೆ ಕೂರಿಸಿ, ಮರಳಿನ ಮೂಟೆಗಳನ್ನು ತುಂಬಿಸಿ, ಬಾಡಿ ಇಳಿದಷ್ಟೂ ಇಳಿಸಿ ಅಳತೆ ತೆಗೆದರು. ಅಮ್ಮ ನಾಚಿಕೊಂಡು "ನಾನೇನು ಮೂಟೆನಾ" ಅಂದಿದ್ದು ನನಗೆ ಈಗಲೂ ನೆನಪಿದೆ. ನೀನು ಮನೆಯೊಳಗೆ ನಿದ್ದೆ ಮಾಡುತ್ತಿದ್ದೆ.

ಇಡೀ ಲೋಕದಲ್ಲಿ ಆ ಅಚ್ಚು ಹೊಂದುತ್ತಿದ್ದದ್ದು ಒಂದೇ ಗಾಡಿಗೆ. ಆ ಗಾಡಿಗೆ ನಾನು ಹೊಸ ದಿಂಡು ಹಾಕಿಸಿ ಬಾಡಿ ಮೇಲೆತ್ತಿಸಿಬಿಟ್ಟೆ. ಈಗ ಅದು ಯಾರಿಗೂ ಹೊಂದುವುದಿಲ್ಲ. ಮೊದಲ ಕಾಗದದಲ್ಲೇ ದಿಂಡಿನ ವಿಷಯ ಬರೆದಿದ್ದೆ. ನೀನೂ ಗಮನಿಸಲಿಲ್ಲ, ನನಗೂ ಹೊಳೆಯಲಿಲ್ಲ. ನನ್ನ ಪಾಲಿನದನ್ನು ನಾನು ಒಪ್ಪುತ್ತೇನೆ.

ಆದರೆ ನಿನ್ನನ್ನು ಬಿಡುವುದಿಲ್ಲ. ಅಪ್ಪ ತಪ್ಪು ಅಳತೆ ಇಟ್ಟುಕೊಳ್ಳುವವರೇ ಎಂದು ಕೇಳುತ್ತೀಯಲ್ಲ, ನಾಚಿಕೆಯಾಗಬೇಕು. ಜನ ಬಂದು ಬಂದು ಗಿಡ್ಡ, ಗಿಡ್ಡ ಎಂದು ಹೇಳಿದರೂ ಒಂದೇ ಒಂದು ಗಾಡಿಯ ಕೆಳಗೆ ಮಲಗಿ ನೋಡಲಿಲ್ಲ ನೀನು. ನಿನ್ನ ಟ್ಯಾಂಕ್ ಹಾಕಿಕೊಂಡ ಎಷ್ಟು ಗಾಡಿಗಳು ಇವತ್ತು ರಬ್ಬರ್ ಪೈಪ್ ಸಿಕ್ಕಿಸಿಕೊಂಡು ಓಡುತ್ತಿವೆ? ಅದರಲ್ಲಿ ಯಾರ ಮಕ್ಕಳು ಕೂತಿದ್ದಾರೆ? ಎಲ್ಲರಿಗೂ ಹೇಳು. ಒಂದೊಂದನ್ನೂ ವಾಪಸ್ ತರಿಸು.

ಅಕ್ಕ


ಏಪ್ರಿಲ್ 20

ಅಕ್ಕಾ,

ನೀನು ಹೇಳಿದ್ದು ಸರಿ. ಆದರೆ ಎಲ್ಲವನ್ನೂ ವಾಪಸ್ ಕರೆದರೆ ವರ್ಕ್‌ಶಾಪಿನ ಬಾಗಿಲು ಮುಚ್ಚಬೇಕಾಗುತ್ತದೆ. ನನ್ನನ್ನೇ ನಂಬಿಕೊಂಡ ಕೆಲಸದವರಿದ್ದಾರೆ. ಇನ್ನು ಮೇಲೆ ಸರಿಯಾಗಿ ಮಾಡುತ್ತೇನೆ. ಹಳೆಯವರಿಗೆ ಒಳ್ಳೆಯ ಪೆಟ್ರೋಲ್ ಪೈಪ್ ಕಳಿಸಿಕೊಡುತ್ತೇನೆ, ಅದು ಬೇಗ ಹಾಳಾಗುವುದಿಲ್ಲ. ಅಲ್ಲಿಗೆ ಮುಗಿಸೋಣ. ಬ್ರೆಡ್ ವ್ಯಾನಿನವನಂತೂ ಯಾರ ಮೇಲೂ ದೂರು ಹೇಳುತ್ತಿಲ್ಲ.

ತಮ್ಮ


ಏಪ್ರಿಲ್ 24

ತಮ್ಮನಿಗೆ,

ಅವನು ದೂರು ಹೇಳುತ್ತಿಲ್ಲ ಎಂದು ಬರೆಯಲು ನಿನಗೆ ಕೈ ಹೇಗೆ ಬಂತು? ತನ್ನ ಗಾಡಿಯೇ ಸೊಟ್ಟ ಎಂದು ನಂಬಿಕೊಂಡು ಮಲಗಿದ್ದಾನೆ ಅವನು. ಆ ಸುಳ್ಳನ್ನು ತಲೆಗೆ ತುಂಬಿದವನು ನೀನು. ಸುಟ್ಟ ಕೈಯ ಮೇಲೆ ಸುಳ್ಳಿನ ಬ್ಯಾಂಡೇಜು ಸುತ್ತಿ ಮನೆಗೆ ಬಂದು ನಿದ್ದೆ ಮಾಡುತ್ತೀಯಾ?

ನಿನ್ನ ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತಿದ್ದೇನೆ: "ಅವನ ಕಾಗದದಿಂದ ನಿಮ್ಮಪ್ಪನ ಫೋಟೋ ತೆಗೀಲಿಕ್ಕೆ ಹೇಳು. ಅವರು ಆ ಟ್ಯಾಂಕ್ ಮಾಡಿದವರಲ್ಲ."

ನಾನು ಇನ್ನೇನೂ ಸೇರಿಸುವುದಿಲ್ಲ.

ಅಕ್ಕ


ಮೇ 15

ಅಕ್ಕಾ,

ಅಮ್ಮನ ಮಾತು ಓದಿದ ಮೇಲೆ ವರ್ಕ್‌ಶಾಪಿನೊಳಗೆ ಕಾಲಿಡಲು ಆಗಲಿಲ್ಲ. ಮೊದಲು ಆಸ್ಪತ್ರೆಗೆ ಹೋದೆ. ಬ್ರೆಡ್ ವ್ಯಾನಿನವನಿಗೆ ಹೇಳಿದೆ: "ನಿನ್ನ ಗಾಡಿ ಸೊಟ್ಟ ಇರ್ಲಿಲ್ಲ. ನನ್ನ ಟ್ಯಾಂಕೇ ತಪ್ಪು." ಅವನು ಎಡಗೈ ಎತ್ತಿ ಕೆನ್ನೆಗೆ ಬಾರಿಸಿದ. ಎಡಗೈ ಆದ್ದರಿಂದ ಅಷ್ಟೇನೂ ಜೋರಾಗಿ ಬೀಳಲಿಲ್ಲ. ನರ್ಸ್ ಓಡಿ ಬಂದಳು. ನಾನೇ ಅವಳನ್ನು ತಡೆದೆ.

ಅಲ್ಲಿಂದ ಒಬ್ಬೊಬ್ಬರ ಮನೆಗೂ ಹೋದೆ. ಕೆಲವರು ಬೈದರು. ಒಬ್ಬಳು ಗೇಟೇ ತೆಗೆಯಲಿಲ್ಲ, ನನ್ನ ಟ್ಯಾಂಕನ್ನು ಕಾಂಪೌಂಡಿನ ಮೇಲಿಂದ ಎಸೆದಳು. ಟ್ಯಾಂಕುಗಳೆಲ್ಲ ವಾಪಸ್ ಬಂದಿವೆ, ಅಂಗಳ ತುಂಬಿದೆ. ವರ್ಕ್‌ಶಾಪ್ ಮುಚ್ಚಿದ್ದೇನೆ. ಬ್ರೆಡ್ ವ್ಯಾನಿನವನ ಗಾಡಿಯನ್ನು ನನ್ನ ಶೆಡ್ಡಿಗೆ ಎಳೆಸಿದ್ದೇನೆ. ಸುಟ್ಟದ್ದನ್ನೆಲ್ಲ ತೆಗೆದು ಮೊದಲಿನ ಹಾಗೆ ಮಾಡಿಕೊಡಬೇಕು. ಮೊನ್ನೆ ಅದರ ಕೆಳಗೆ ಮಲಗಿದೆ. ನನ್ನ ಜೀವನದಲ್ಲಿ ಗಾಡಿ ಕೆಳಗೆ ಮಲಗಿ ಅಳತೆ ತೆಗೆದದ್ದು ಇದೇ ಮೊದಲು. ಟೇಪ್ ಯಾವ ಮೂಲೆಯಿಂದ ಹಿಡಿಯಬೇಕು ಎಂದೂ ತಿಳಿಯಲಿಲ್ಲ.

ಅಪ್ಪ ನನ್ನನ್ನು ಮಲಗು ಎಂದು ಕಳಿಸುತ್ತಿದ್ದರು ಎಂದು ಬರೆದಿದ್ದೆ. ಕಳಿಸುತ್ತಿದ್ದರು ನಿಜ, ಆದರೆ ನಾನೂ ಒಮ್ಮೆಯೂ ಹಟ ಹಿಡಿಯಲಿಲ್ಲ.

ನಿನ್ನ ಗಾಡಿ ಇನ್ನೂ ನಿಂತಿದೆ ಎಂದು ಗೊತ್ತು. ಬರಲೇ? ಈ ಅಚ್ಚನ್ನು ಏನು ಮಾಡಲಿ?

ತಮ್ಮ


ಮೇ 20

ತಮ್ಮನಿಗೆ,

ಬಾ. ಟ್ಯಾಂಕ್ ಮಾಡಿಕೊಂಡು ಬರಬೇಡ, ಬರಿಗೈಯಲ್ಲಿ ಬಾ. ತಗಡು ಇಲ್ಲೇ ಇದೆ, ಅಪ್ಪನ ಕತ್ತರಿ ಇದೆ, ಕಾಯುತ್ತಿರುವ ಗಾಡಿಯೂ ಇದೆ. ಗಾಡಿ ಕೆಳಗೆ ನೀನು ಮಲಗು. ಟೇಪಿನ ಇನ್ನೊಂದು ತುದಿ ನಾನು ಹಿಡಿಯುತ್ತೇನೆ. ಮೇಷ್ಟ್ರಿಗೆ ಹೇಳಿದೆ. ಮೂಟೆಯ ಬದಲು ಒಳಗೆ ನಾವೇ ಕೂರುತ್ತೇವೆ, ಸರಿಯಾದ ತೂಕ ಸಿಗುತ್ತದೆ ಎಂದು ನಕ್ಕರು. ಎಲ್ಲರೂ ಬರುತ್ತಾರಂತೆ. ತಮ್ಮನ್ನು ಕರೆದೊಯ್ಯುವ ಗಾಡಿಯ ಅಳತೆ ತೆಗೆಯುವವನು ಯಾರು ಎಂದು ಅವರೂ ನೋಡಲಿ.

ನಿನ್ನ ಮೇಲಿನ ಸಿಟ್ಟು ಇಳಿದಿದೆ ಎಂದುಕೊಳ್ಳಬೇಡ. ಆ ಮನುಷ್ಯನ ಬೆರಳು ಮಡಚುವವರೆಗೆ ಅದು ಇಳಿಯುವುದಿಲ್ಲ. ದನಿ ಕೇಳುವುದಿಲ್ಲ ಎಂಬ ಆಣೆಯೂ ಹಾಗೆಯೇ ಇದೆ. ಬಂದವನು ಬಾಯಿ ಮುಚ್ಚಿಕೊಂಡು ಕೆಲಸ ಮಾಡು. ಅಳತೆ ಮಾತ್ರ ಜೋರಾಗಿ ಕೂಗು, ನಾನು ಬರೆದುಕೊಳ್ಳಬೇಕು.

ಅಚ್ಚನ್ನು ತಾ. ಅಮ್ಮ ಒಲೆ ಸಿದ್ಧ ಮಾಡಿಟ್ಟಿದ್ದಾಳೆ. ಬಂದ ಮಾರನೇ ಬೆಳಿಗ್ಗೆ ಬೇಗ ಏಳು. ಅದನ್ನು ನೀನೇ ಒಲೆಗೆ ಹಾಕಿ, ನೀರು ಕಾಯುವವರೆಗೆ ಮುಂದೆ ಕೂತಿರಬೇಕು. ಮೊದಲ ಸ್ನಾನ ಅಮ್ಮನದು.

ಅಕ್ಕ